ಒಂಬತ್ತನೆಯ ಇಯತ್ತೆಗೆ ಒಂದು ಹಾಳೆಯ ಕಟ್ಟಳೆ

ಹೈಸ್ಕೂಲಿನ ಮೂರು ವರ್ಷಗಳಲ್ಲಿ ಯಾರ ಕಣ್ಣಿಗೂ ಬೀಳದ ವರ್ಷವೆಂದರೆ ಒಂಬತ್ತನೆಯ ಇಯತ್ತೆ. ಎಂಟನೆಯದಕ್ಕೆ ಮಕ್ಕಳು ಹೊಸದಾಗಿ ಬಂದಿರುತ್ತಾರೆ, ಮಾಸ್ತರರು ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ. ಹತ್ತನೆಯದಕ್ಕೆ ಬಂದರೆ ಬೆಳಗಿನ ವಿಶೇಷ ತರಗತಿ, ರಾತ್ರಿಯ ಓದು, ಪಾಲಕರ ಸಭೆ, ಎಲ್ಲವೂ ಇರುತ್ತದೆ. ನಡುವಿನ ವರ್ಷ ಮಾತ್ರ ಮಳೆಗಾಲಕ್ಕೂ ಬೇಸಿಗೆಗೂ ಸಲ್ಲದ ದಿನಗಳಂತೆ ಕಳೆದುಹೋಗುತ್ತದೆ. 2024ರಲ್ಲಿ ಒಂಬತ್ತನೆಯದಕ್ಕೂ ಮಂಡಳಿಯ ಮೂಲಕ ಪರೀಕ್ಷೆ ನಡೆಸುವ ಪ್ರಯತ್ನವಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ ಫಲಿತಾಂಶಕ್ಕೆ ತಡೆ ಬಿತ್ತು. ಪರೀಕ್ಷೆಯ ಗದ್ದಲ ಅಡಗಿತು. ಆ ವರ್ಷ ಮಕ್ಕಳು ನಿಜವಾಗಿ ಏನು ಕಲಿಯಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಭಾಷಾ ಪಾಠಗಳಲ್ಲಿ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಮೊದಲ ಭಾಷೆಗೆ 125, ಎರಡನೆಯದಕ್ಕೆ 100, ಮೂರನೆಯದಕ್ಕೆ 100. ಕೂಡಿಸಿದರೆ 325. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಸೇರಿ 300. ಅರ್ಧಕ್ಕಿಂತ ಹೆಚ್ಚಿನ ಪಾಲು ಭಾಷೆಗಳದೇ. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಯಾವ ಓಣಿಯಲ್ಲಿ ವಿಚಾರಿಸಿದರೂ ಟ್ಯೂಶನ್ ಇರುವುದು ಗಣಿತಕ್ಕೆ, ಚಿಂತೆ ಇರುವುದು ವಿಜ್ಞಾನಕ್ಕೆ. ಇಂಗ್ಲಿಷನ್ನು ಕೊನೆಯ ಮೂರು ತಿಂಗಳಿಗೆ ಬಿಡುತ್ತಾರೆ. ಹಿಂದಿಯನ್ನು ದೇವರಿಗೆ ಬಿಡುತ್ತಾರೆ.

ಅಮೆರಿಕದಲ್ಲೊಂದು ಪದ್ಧತಿ

ಅಮೆರಿಕದ ಹೈಸ್ಕೂಲುಗಳಲ್ಲಿ ಹೆಚ್ಚು ಮಕ್ಕಳು ಆರಿಸಿಕೊಳ್ಳುವ ಪರಭಾಷೆ ಸ್ಪ್ಯಾನಿಷ್. ಅಲ್ಲಿ ಎರಡನೆಯ ವರ್ಷದ ತರಗತಿ ಆರಂಭವಾದಾಗ ಅನೇಕ ಶಿಕ್ಷಕರು ಮಕ್ಕಳ ಕೈಗೆ ಒಂದು ಹಾಳೆ ಕೊಡುತ್ತಾರೆ. ವರ್ಷದ ಕೊನೆಗೆ ನೀವು ಇಷ್ಟು ಮಾತಾಡಬಲ್ಲವರಾಗಬೇಕು, ಗೃಹಪಾಠಕ್ಕೆ ಇಷ್ಟು ಅಂಕ, ತಡವಾದರೆ ಹೀಗೆ, ಗೈರುಹಾಜರಾದರೆ ಹೀಗೆ, ನಕಲು ಮಾಡಿದರೆ ಹೀಗೆ ಎಂದು ಅದರಲ್ಲಿ ಬರೆದಿರುತ್ತದೆ. ಪಾಲಕರು ಓದಿ ಸಹಿ ಮಾಡಿ ಕಳಿಸುತ್ತಾರೆ.

ಎರಡನೆಯ ವರ್ಷಕ್ಕೇ ಈ ಬಿಗಿ ಏಕೆ? ಮೊದಲ ವರ್ಷ ಹೊಸತನವೇ ಮಗುವನ್ನು ಎಳೆದೊಯ್ಯುತ್ತದೆ. ನಮಸ್ಕಾರ, ಹೆಸರು, ಬಣ್ಣ, ಎಣಿಕೆ ಕಲಿಯುವುದರಲ್ಲಿ ಖುಷಿಯಿದೆ. ಎರಡನೆಯ ವರ್ಷ ವ್ಯಾಕರಣದ ಏರು ಹತ್ತಬೇಕು. ಸ್ಪ್ಯಾನಿಷ್‌ನಲ್ಲಿ ನಿರ್ಜೀವ ವಸ್ತುಗಳಿಗೂ ಗಂಡು-ಹೆಣ್ಣು ಉಂಟು. ಹಿಂದಿಯಲ್ಲೂ ಅದೇ ಕಥೆ. ಕನ್ನಡದಲ್ಲಿ ಬಸ್ಸೂ ಬಂತು, ಟ್ರಕ್ಕೂ ಬಂತು. ಹಿಂದಿಯಲ್ಲಿ ಬಸ್ಸು ‘ಆಯೀ’, ಟ್ರಕ್ಕು ‘ಆಯಾ’. ಪುಸ್ತಕವನ್ನು ‘ಕಿತಾಬ್’ ಎಂದರೆ ಹಿಂದಿಯಲ್ಲಿ ಹೆಣ್ಣು, ಸ್ಪ್ಯಾನಿಷ್‌ನ ‘ಲಿಬ್ರೋ’ ಗಂಡು. ಕನ್ನಡದ ಮಗುವಿಗೆ ಅದು ಎರಡೂ ಅಲ್ಲ. ಇಂಥದ್ದನ್ನು ತರ್ಕದಿಂದ ಕಂಡುಹಿಡಿಯಲು ಬಾರದು, ಬಳಸಿ ಬಳಸಿಯೇ ನಾಲಿಗೆಗೆ ಹತ್ತಬೇಕು. ಬಳಸುವುದೆಂದರೆ ದಿನದ ರೂಢಿ. ರೂಢಿಗೆ ಕಟ್ಟಳೆ ಬೇಕು.

ಪರಭಾಷೆ ಈ ನೆಲಕ್ಕೆ ಹೊಸದಲ್ಲ

ಈ ನಾಲ್ಕೂ ತಾಲೂಕುಗಳ ಮಕ್ಕಳಿಗೆ ಇನ್ನೊಂದು ಭಾಷೆ ಕಲಿಯುವುದು ಆಗದ ಮಾತು ಎನ್ನುವವರು ಊರಿನ ಇತಿಹಾಸ ನೋಡಬೇಕು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ದರಬಾರದಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಕನ್ನಡದ ರನ್ನ ಹುಟ್ಟಿದ ಮುಧೋಳದಲ್ಲೇ ಕಾಗದ-ಪತ್ರದ ಭಾಷೆ ಬೇರೆಯಾಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಇಂದಿಗೂ ಪೇಟೆಯಲ್ಲಿ ಕನ್ನಡದ ಜೊತೆ ಮರಾಠಿ, ಉರ್ದು ಕಿವಿಗೆ ಬೀಳುತ್ತವೆ.

1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ 1902ರಲ್ಲಿ ಮೆಟ್ರಿಕ್ ಮುಗಿಸಿದರು. ಮುಂದೆ ಮಹಾರಾಷ್ಟ್ರದ ಸಂತರು, ಹಿಂದಿಯ ಸಂತರು, ಕನ್ನಡದ ಶರಣರು ಮತ್ತು ದಾಸರು, ಈ ಮೂರೂ ಪರಂಪರೆಗಳ ಅನುಭಾವವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ಎಲ್ಲ ಮಕ್ಕಳೂ ರಾನಡೆ ಆಗಬೇಕಿಲ್ಲ. ಆದರೆ ಎರಡು-ಮೂರು ಭಾಷೆ ಈ ಭಾಗದವರ ನಾಲಿಗೆಗೆ ಭಾರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಳೆಯಲ್ಲಿ ಏನಿರಬೇಕು?

ಮೊದಲನೆಯದು ಶಬ್ದಗಳ ಲೆಕ್ಕ. ದಿನಕ್ಕೆ 5 ಹೊಸ ಶಬ್ದ ಸಾಕು. ಶಾಲೆ 200 ದಿನ ನಡೆಯಿತೆಂದರೂ ವರ್ಷಕ್ಕೆ 1000 ಶಬ್ದವಾಯಿತು. ದಿನಕ್ಕೆ 25 ಕೊಟ್ಟು ಮರುದಿನ ಮರೆಯುವುದಕ್ಕಿಂತ ಇದು ಲೇಸು. ಮರೆವಿನ ಲೆಕ್ಕವನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಃಶಾಸ್ತ್ರಜ್ಞ 1885ರಲ್ಲಿಯೇ ಹಾಕಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ದಿನ ಕಳೆದ ಮೇಲೆ ಮತ್ತೆ ಕಲಿಯಲು ಎಷ್ಟು ಸಮಯ ಉಳಿತಾಯವಾಗುತ್ತದೆಂದು ಅಳೆದ. 20 ನಿಮಿಷದ ನಂತರ ಉಳಿತಾಯ ಶೇ. 58. ಒಂದು ದಿನಕ್ಕೆ ಶೇ. 34. ಒಂದು ತಿಂಗಳಿಗೆ ಶೇ. 21. ಅಂದರೆ ಮರೆವು ಮೊದಲ ದಿನವೇ ಜೋರಾಗಿ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ಅರ್ಥವುಳ್ಳ ಶಬ್ದ ಇನ್ನೂ ಹೆಚ್ಚು ದಿನ ನಿಲ್ಲುತ್ತದೆ, ನಿಜ. ಆದರೂ ಪಾಠ ಒಂದೇ: ಇಂದು ಕಲಿತ 5 ಶಬ್ದಗಳನ್ನು ನಾಳೆ ಕೇಳಬೇಕು, ವಾರಕ್ಕೆ ಕೇಳಬೇಕು, ತಿಂಗಳಿಗೆ ಮತ್ತೊಮ್ಮೆ ಕೇಳಬೇಕು. ತರಗತಿಯ ಮೊದಲ ಐದು ನಿಮಿಷ ಇದಕ್ಕೆಂದೇ ಮೀಸಲಿರಲಿ. ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಲಿ. ಬರೆದದ್ದನ್ನು ಹತ್ತು ಸಲ ನೋಡಿ ಓದುವುದಕ್ಕಿಂತ ಒಂದು ಸಲ ನೆನೆದು ಬರೆಯುವುದು ಹೆಚ್ಚು ಗಟ್ಟಿ.

ಎರಡನೆಯದು ಮಾತು. ದಿನಕ್ಕೆ ಒಂದು ವಾಕ್ಯವನ್ನಾದರೂ ಪ್ರತಿ ಮಗು ಬಾಯಿಬಿಟ್ಟು ಆಡಬೇಕು ಎಂಬುದು ಕಟ್ಟಳೆ. ತಪ್ಪಾದರೆ ನಗಬಾರದು ಎಂಬುದು ಅದಕ್ಕಿಂತ ದೊಡ್ಡ ಕಟ್ಟಳೆ. ಹಿಂದಿನ ಬೆಂಚಿನ ಹುಡುಗ ‘ಹೀ ಗೋಯಿಂಗ್’ ಎಂದಾಗ ತರಗತಿ ಗೊಳ್ಳೆಂದು ನಕ್ಕರೆ, ಅವನು ಮುಂದಿನ ಎರಡು ವರ್ಷ ಬಾಯಿ ತೆರೆಯುವುದಿಲ್ಲ. ‘ಅವನು ಹೋಗುತ್ತಿದ್ದಾನೆ’ ಎಂಬಲ್ಲಿ ‘ಈಸ್’ ಎಂಬ ಬೇರೆ ಶಬ್ದವೇ ಇಲ್ಲ. ಇಂಗ್ಲಿಷಿಗೆ ಅದು ಬೇಕು. ಅವನ ತಪ್ಪು ದಡ್ಡತನದ್ದಲ್ಲ, ಕನ್ನಡದ ಅಚ್ಚಿನಲ್ಲಿ ಇಂಗ್ಲಿಷನ್ನು ಎರೆದದ್ದು. ಅದನ್ನು ಕನ್ನಡದಲ್ಲೇ ಬಿಡಿಸಿ ಹೇಳಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಇಂಗ್ಲಿಷ್ ತಾಸಿನಲ್ಲಿ ಕನ್ನಡ ಆಡಿದರೆ ದಂಡ ಎಂಬ ನಿಯಮ ಕೇಳಲು ಶಿಸ್ತಿನದು. ಅದರಿಂದ ಮಕ್ಕಳು ಕಲಿಯುವುದು ಸುಮ್ಮನೆ ಕೂಡುವುದನ್ನು.

ಮೂರನೆಯದು ಗೃಹಪಾಠ. 20 ನಿಮಿಷದಲ್ಲಿ ಮುಗಿಯುವಂಥದ್ದು, ಗೈಡಿನಲ್ಲಿ ಉತ್ತರ ಸಿಗದಂಥದ್ದು ಆಗಿರಲಿ. ‘ಪಾಠದ ಪ್ರಶ್ನೋತ್ತರ ಬರೆದುಕೊಂಡು ಬಾ’ ಎಂದರೆ ನಲವತ್ತು ಪಟ್ಟಿಗಳಲ್ಲಿ ಒಂದೇ ಉತ್ತರ, ಒಂದೇ ತಪ್ಪು. ‘ನಿಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಏನು ಅಡಿಗೆ ಆಗಿತ್ತು, ಮೂರು ವಾಕ್ಯ ಬರೆ’ ಎಂದರೆ ನಕಲು ಮಾಡಲು ಬರುವುದಿಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳಿಗೆ ಇಂಗ್ಲಿಷ್ ಶಬ್ದ ಇಲ್ಲದಿದ್ದರೆ ಕನ್ನಡದ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಿ, ವಾಕ್ಯ ಸರಿಯಾಗಿರಲಿ.

ಮಗ್ಗ, ಕಬ್ಬು, ಹೊಳೆ

ಕಟ್ಟಳೆಯ ನಿಜವಾದ ಪರೀಕ್ಷೆ ಆಗುವುದು ತಡ ಮತ್ತು ಗೈರುಹಾಜರಿಯಲ್ಲಿ. ‘ತಡವಾಗಿ ತಂದ ಗೃಹಪಾಠಕ್ಕೆ ಸೊನ್ನೆ’ ಎಂಬ ನಿಯಮ ಎಲ್ಲರಿಗೂ ಒಂದೇ ಎನಿಸುತ್ತದೆ. ಆದರೆ ಎಲ್ಲರ ಸಂಜೆ ಒಂದೇ ಅಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗಿ ಶಾಲೆಯಿಂದ ಬಂದೊಡನೆ ಕಂಡಿಕೆ ಸುತ್ತಲು ಕೂಡುತ್ತಾಳೆ. ಮಗ್ಗದ ಸಪ್ಪಳ ನಿಂತ ಮೇಲೆಯೇ ಅವಳ ಪಟ್ಟಿ ತೆರೆಯುವುದು. ಜಮಖಂಡಿ, ಮುಧೋಳಗಳ ಕಡೆ ಕಬ್ಬಿನ ಹಂಗಾಮು ಶುರುವಾದರೆ ದೀಪಾವಳಿಯ ಮುಂದೆ ಬೇಸಿಗೆಯವರೆಗೂ ಕಟಾವಿನವರ ಮಕ್ಕಳು ಹೊಲದಲ್ಲಿ ಕಾಣುತ್ತಾರೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಕಳೆದುಕೊಂಡವರು ಪುನರ್ವಸತಿ ಕೇಂದ್ರಗಳಲ್ಲಿ ಬದುಕು ಕಟ್ಟಿಕೊಂಡರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಹೊಳೆಸಾಲಿನ ಊರುಗಳಲ್ಲಿ ನೀರು ಹೊಕ್ಕು ಪಾಠವೇ ನಿಂತಿತು. ಇಂಥ ನೆಲದಲ್ಲಿ ಅಮೆರಿಕದ ಹಾಳೆಯನ್ನು ಹಾಗೆಯೇ ತಂದು ಅಂಟಿಸಿದರೆ ಹೊರಗುಳಿಯುವವರು ಸೋಮಾರಿಗಳಲ್ಲ, ದುಡಿಯುವ ಮಕ್ಕಳು.

ಹಾಗೆಂದು ನಿಯಮ ಸಡಿಲಿಸಿ ಬಿಡುವುದೂ ಉಪಕಾರವಲ್ಲ. ‘ಪಾಪ, ನೇಕಾರರ ಹುಡುಗಿ’ ಎಂದು ಬರೆಯದೇ ಇದ್ದುದಕ್ಕೂ ಅಂಕ ಹಾಕಿದರೆ ಅವಳು ಹತ್ತನೆಯದಕ್ಕೆ ಬರಿಗೈಲಿ ಹೋಗುತ್ತಾಳೆ. ಹತ್ತನೆಯದರಲ್ಲಿ ಇಂಗ್ಲಿಷಿನಲ್ಲಿ ನಪಾಸಾದ ಹುಡುಗಿಯನ್ನು ಬಹಳ ಮನೆಗಳಲ್ಲಿ ಮತ್ತೆ ಪರೀಕ್ಷೆಗೆ ಕೂಡಿಸುವುದಿಲ್ಲ, ಮಗ್ಗಕ್ಕೆ ಕೂಡಿಸುತ್ತಾರೆ, ಇಲ್ಲವೇ ವರ ನೋಡುತ್ತಾರೆ. ಕರುಣೆಯಿಂದ ಕೊಟ್ಟ ಆ ಅಂಕದ ಬೆಲೆ ಅವಳೇ ತೆರಬೇಕಾಗುತ್ತದೆ.

ಇದಕ್ಕೆ ನಡುದಾರಿ ಇದೆ. ಗಡುವು ದಿನಕ್ಕಲ್ಲ, ವಾರಕ್ಕೆ ಇರಲಿ. ಸೋಮವಾರ ಕೊಟ್ಟ ನಾಲ್ಕು ಸಣ್ಣ ಕೆಲಸಗಳನ್ನು ಶನಿವಾರದೊಳಗೆ ಯಾವಾಗ ತಂದರೂ ಪೂರ್ತಿ ಅಂಕ. ಆ ಶನಿವಾರವೂ ತಪ್ಪಿದರೆ ಮುಂದಿನ ಶನಿವಾರದವರೆಗೆ ಅರ್ಧ ಅಂಕ. ಗೈರಾದ ಮಗುವಿಗೆ ಒಬ್ಬ ಜೊತೆಗಾರ. ಆ ದಿನದ 5 ಶಬ್ದ ಬರೆದಿಟ್ಟುಕೊಂಡು ಮರಳಿ ಬಂದಾಗ ಕೊಡುವುದು ಅವನ ಹೊಣೆ. ಹತ್ತು ದಿನ ಕಟಾವಿಗೆ ಹೋದ ಹುಡುಗ 50 ಶಬ್ದ ಸಾಲ ಹೊತ್ತು ಬರುತ್ತಾನೆ. ದಿನಕ್ಕೆ ಎರಡರಂತೆ ಹೆಚ್ಚು ಕಲಿತರೆ 25 ಶಾಲಾದಿನಗಳಲ್ಲಿ ತೀರುತ್ತದೆ. ಸಾಲ ಮನ್ನಾ ಇಲ್ಲ, ಕಂತು ಉಂಟು. ಇನ್ನು ಎಸ್ಸೆಸ್ಸೆಲ್ಸಿಗೆ ಕೂಡಲು ಶೇ. 75 ಹಾಜರಿ ಬೇಕೆಂಬುದನ್ನು ಒಂಬತ್ತನೆಯದರಲ್ಲಿಯೇ ಮನೆಯವರಿಗೆ ತಿಳಿಸಿ ಹೇಳಬೇಕು.

ನಕಲು ಮತ್ತು ಅಂಕ

ನಕಲಿನ ವಿಷಯ ಹಾಳೆಯಲ್ಲಿ ಬರೆಯಲು ನಾಚಿಕೆ ಬೇಡ. ಪರೀಕ್ಷಾ ಕೋಣೆಗಳಿಗೆ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ 2024ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಹಿಂದಿನ ವರ್ಷ ಅದು ಶೇ. 83.89 ಇತ್ತು. 2025ರ ಅಕ್ಟೋಬರಿನಲ್ಲಿ ಉತ್ತೀರ್ಣದ ಮಟ್ಟವನ್ನೇ ಶೇ. 35ರಿಂದ 33ಕ್ಕೆ ತಗ್ಗಿಸುವುದಾಗಿ ಸರಕಾರ ಪ್ರಕಟಿಸಿತು. ಗೆರೆ ಕೆಳಗಿಳಿದರೆ ದಾಟುವುದು ಸುಲಭ; ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಹುಡುಗ ಇಂಗ್ಲಿಷ್ ಪುಸ್ತಕದ ಮೊದಲ ಪುಟದಲ್ಲೇ ಮುಗ್ಗರಿಸುವುದು ಅದರಿಂದ ತಪ್ಪುವುದಿಲ್ಲ. ಒಂಬತ್ತನೆಯದರಲ್ಲಿ ನಕಲಿಗೆ ಹೊಡೆತ, ಬೈಗಳು ಬೇಕಿಲ್ಲ. ಬರೆದದ್ದರಲ್ಲಿ ಒಂದು ವಾಕ್ಯ ತೋರಿಸಿ ‘ಇದರ ಅರ್ಥ ಹೇಳು’ ಎಂದರೆ ಸಾಕು. ಹೇಳಿದರೆ ಅಂಕ, ಹೇಳದಿದ್ದರೆ ಮತ್ತೆ ಬರೆಯುವುದು. ತೋರಿಸಿದವನಿಗೂ ಅದೇ ನಿಯಮ.

ಪಾಲಕರ ಸಹಿ

ಕೊನೆಯ ಮಾತು ಸಹಿಯದು. ಅಕ್ಷರ ಬಾರದ ತಾಯಿ ಹೆಬ್ಬೆಟ್ಟು ಒತ್ತಿದರೆ ಶಾಲೆಯ ಕಡತ ತುಂಬುತ್ತದೆ, ಮಗುವಿಗೇನೂ ಆಗುವುದಿಲ್ಲ. ಅದರ ಬದಲು ಅವ್ವನಿಗೆ ಒಂದು ಕೆಲಸ ಹೇಳಬಹುದು: ದಿನಾ ರಾತ್ರಿ ಐದು ನಿಮಿಷ ಮಗಳು ಗಟ್ಟಿಯಾಗಿ ಓದುವುದನ್ನು ಕೇಳಬೇಕು. ಇಂಗ್ಲಿಷ್ ತಿಳಿಯಬೇಕಾಗಿಲ್ಲ. ಎಲ್ಲಿ ತಡವರಿಸಿದಳು, ಎಲ್ಲಿ ಸರಾಗ ಹೋದಳು ಎಂಬುದು ಯಾವ ತಾಯಿಯ ಕಿವಿಗೂ ತಿಳಿಯುತ್ತದೆ. ‘ಇಲ್ಲಿ ಯಾಕ ನಿಂತಿ, ಮತ್ತೊಮ್ಮೆ ಓದ’ ಎಂದು ಅವ್ವ ಅಂದರೆ ಅದು ಯಾವ ಟ್ಯೂಶನ್ನಿಗೂ ಕಡಿಮೆಯಲ್ಲ. ರೊಟ್ಟಿ ಬಡಿಯುತ್ತಲೇ ಕೇಳಬಹುದು.

ಹಾಳೆ ಕನ್ನಡದಲ್ಲಿರಲಿ, ಒಂದೇ ಪುಟದ್ದಿರಲಿ, ಜೂನ್ ತಿಂಗಳು ಮುಗಿಯುವುದರೊಳಗೆ ಮನೆ ಮುಟ್ಟಲಿ. ಮಾಸ್ತರರು ಪಾಲಿಸುವ ನಿಯಮಗಳೂ ಅದರಲ್ಲಿರಲಿ: ಪಟ್ಟಿ ತಿದ್ದಿ ಮೂರು ದಿನದಲ್ಲಿ ಮರಳಿಸುತ್ತೇವೆ, ಯಾರನ್ನೂ ತಪ್ಪಿಗಾಗಿ ನಗೆಪಾಟಲು ಮಾಡುವುದಿಲ್ಲ, ಭಾಷೆಯ ತಾಸನ್ನು ಗಣಿತಕ್ಕೆ ಕೊಡುವುದಿಲ್ಲ. ಮೂರನೆಯ ಮಾತನ್ನು ಪಾಲಿಸುವುದು ಎಲ್ಲಕ್ಕಿಂತ ಕಠಿಣ. ಅದಕ್ಕೆ ಗಣಿತ, ವಿಜ್ಞಾನದ ಮಾಸ್ತರರೂ ಒಪ್ಪಬೇಕಾಗುತ್ತದೆ.