‘ಪಂಪ್ ಹೋಗಿದೆ’ ಅನ್ನುವ ಮೊದಲು ಟ್ಯಾಂಕ್ ನೋಡಿ ಮಾರಾಯ್ರೆ

(1/6)
ಬೋಟಿನ ಎಂಜಿನ್ ಸಮುದ್ರದಲ್ಲಿ ಬಂದ್ ಬಿತ್ತು ಅಂತ ಸುದ್ದಿ ಬಂದ ಕೂಡಲೇ ದಕ್ಕೆಯಲ್ಲಿ ಕೇಳುವ ಮೊದಲ ತೀರ್ಪು ಯಾವುದು ಗೊತ್ತುಂಟಲ್ಲ? ‘ಪಂಪ್ ಹೋಗಿದೆ.’ ಯಾರೂ ಫಿಲ್ಟರ್ ಬಿಚ್ಚಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದಿಲ್ಲ, ಆದರೂ ಪಂಪ್ ಹೋಗಿದೆ. ನಾಲ್ಕು ಜನ ತಲೆ ಆಡಿಸ್ತಾರೆ, ಇಂಜೆಕ್ಷನ್ ಪಂಪ್ ಕಳಚಿ ರಿಕ್ಷಾದಲ್ಲಿ ಹೊರಡ್ತದೆ. ಇದನ್ನು ಅನುಭವ ಅಂತ ನಾನು ಒಪ್ಪುವುದಿಲ್ಲ. ಇದು ಊಹೆ. ಅದೂ ಅತಿ ದುಬಾರಿ ಪಾರ್ಟಿನಿಂದ ಶುರು ಮಾಡುವ ಊಹೆ.

‘ಬಿಕಾಂ ಓದುವವರಿಗೆ ಡೀಸೆಲ್ ಎಂಜಿನ್ ಎಂಥಕ್ಕೆ’ ಅಂತ ಕೇಳಿದ ಕ್ಲಾಸ್‌ಮೇಟುಗಳೇ, ದುಡ್ಡು ಎಲ್ಲಿ ಸೋರ್ತಾ ಉಂಟು ಅಂತ ಹುಡುಕುವುದೇ ನಮ್ಮ ಸಿಲೆಬಸ್ಸು ಅಲ್ವಾ?

(2/6)
ಡೀಸೆಲ್ ಹೋಗುವ ದಾರಿ ನೋಡಿ. ಟ್ಯಾಂಕ್, ಪೈಪು, ನೀರು ಬೇರೆ ಮಾಡುವ ಮೊದಲ ಫಿಲ್ಟರ್, ಫೀಡ್ ಪಂಪ್, ಎರಡನೇ ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್, ಕೊನೆಗೆ ಇಂಜೆಕ್ಟರ್. ದುಬಾರಿ ಸಾಮಾನೆಲ್ಲ ಕೊನೆಯಲ್ಲಿ ಉಂಟು. ಕೊಳೆ ಹುಟ್ಟುವುದು ಹೆಚ್ಚಾಗಿ ಮೊದಲಲ್ಲಿ.

ಇಂಜೆಕ್ಷನ್ ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ, ಹೋಲಿಸಿ ನೋಡಿ. ಆ ಪ್ಲಂಜರಿಗೆ ಎಣ್ಣೆಯ ಕೆಲಸ ಮಾಡುವುದೂ ಡೀಸೆಲ್ಲೇ. ಡೀಸೆಲ್ ಬದಲು ನೀರು ಬಂದರೆ ಜಾರಿಕೆ ಇಲ್ಲ, ಉಜ್ಜಿಕೊಂಡು ಹೋಗ್ತದೆ. ಅಂದರೆ ಪಂಪ್ ನಿಜವಾಗಿ ಹೋಗಿದ್ದರೂ ಅನೇಕ ಸಲ ಅದು ಪೆಟ್ಟು ತಿಂದದ್ದು, ಪೆಟ್ಟು ಕೊಟ್ಟವನು ಟ್ಯಾಂಕಿನಲ್ಲಿ ಕೂತಿರ್ತಾನೆ. ಅದೇ ಟ್ಯಾಂಕಿಗೆ ಹೊಸ ಪಂಪ್ ಜೋಡಿಸಿದರೆ ಎಂಥ ಆಗ್ತದೆ, ನೀವೇ ಹೇಳಿ.

ನಮ್ಮ ಮನೆಯವರ ಪಾಲಿರುವ ಬೋಟಿನಲ್ಲಿ ಒಂದೇ ಸೀಸನ್ನಿನಲ್ಲಿ ಎರಡು ಸಲ ಪಂಪ್ ಇಳಿಸಿದರು. ಎರಡನೇ ಸಲ ಯಾರೋ ಪುಣ್ಯಾತ್ಮರು ಟ್ಯಾಂಕಿನ ತಳದ ನಲ್ಲಿ ಬಿಟ್ಟರು. ನಾಲ್ಕು ಬಾಟ್ಲಿ ನೀರು. ಮೊದಲ ಬಿಲ್ಲಿನಲ್ಲಿ ಟ್ಯಾಂಕ್ ಅನ್ನುವ ಶಬ್ದವೇ ಇರಲಿಲ್ಲ.

(3/6)
ಆ ನೀರು ಎಲ್ಲಿಂದ ಬಂತು? ಬಂಕಿನವರನ್ನು ಬೈಯುವುದು ಸುಲಭ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ಹೊರಗೆ ಜಡಿಮಳೆ, ಒಳಗೆ ಅರ್ಧ ಖಾಲಿ ಟ್ಯಾಂಕ್. ಖಾಲಿ ಜಾಗದಲ್ಲಿ ಸೇರಿದ ತೇವದ ಗಾಳಿ ರಾತ್ರಿ ತಣಿದು ಟ್ಯಾಂಕಿನ ಗೋಡೆಯಲ್ಲಿ ಬೆವರ್ತದೆ. ನೀರು ಡೀಸೆಲಿಗಿಂತ ಭಾರ, ಹಾಗಾಗಿ ತಳಕ್ಕೆ ಇಳಿದು ಕೂರ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಾಣು, ಬೂಷ್ಟು ಬೆಳೆದು ಕಪ್ಪು ಲೋಳೆ ಆಗ್ತದೆ.

ಈಗ ಆಗಸ್ಟ್. ದಕ್ಕೆಯಲ್ಲಿ ಕಟ್ಟಿಟ್ಟು ಎಂಜಿನ್ ಸ್ಟಾರ್ಟ್ ಮಾಡ್ತಾರೆ, ಐಡ್ಲಿಂಗಿನಲ್ಲಿ ಅರ್ಧ ಗಂಟೆ ಓಡ್ತದೆ, ‘ಸಮ ಉಂಟು’ ಅಂತ ಸರ್ಟಿಫಿಕೇಟ್. ಈ ಸರ್ಟಿಫಿಕೇಟಿನ ಮೇಲೆಯೇ ನನ್ನ ದೊಡ್ಡ ತಕರಾರು. ಐಡ್ಲಿಂಗಿನಲ್ಲಿ ಎಂಜಿನ್ನಿಗೆ ಬೇಕಾಗುವ ಡೀಸೆಲ್ ಬಹಳ ಕಡಿಮೆ, ಅರ್ಧ ಕಟ್ಟಿದ ಫಿಲ್ಟರಿನಿಂದಲೂ ಅಷ್ಟು ಬರ್ತದೆ. ಬಂದರಿನ ನೀರು ಶಾಂತ, ಲೋಳೆ ತಳದಲ್ಲೇ ಮಲಗಿರ್ತದೆ. ಬೋಟು ಅಳಿವೆ ಬಾಗಿಲಿಗೆ ಬಂದು ಮೊದಲ ದೊಡ್ಡ ಅಲೆಗೆ ತಲೆ ಎತ್ತಿದಾಗ ಟ್ಯಾಂಕಿನೊಳಗೆ ಎಲ್ಲ ಕಲಕ್ತದೆ. ತಾಂಡೇಲ ಎಕ್ಸಲೇಟರ್ ಏರಿಸುವುದೂ ಅಲ್ಲೇ. ಫಿಲ್ಟರ್ ಕಟ್ಟಿಕೊಳ್ಳುವುದೂ ಅಲ್ಲೇ. ಗಂಗೊಳ್ಳಿಯ ಅಳಿವೆ ಇರಲಿ, ಮಂಗಳೂರಿನದ್ದು ಇರಲಿ, ಅಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗ್ತದೆ. ಬೋಟಿನಲ್ಲಿ ಇರುವುದು ನಮ್ಮ ನಿಮ್ಮ ಮನೆಯವರು.

(4/6)
ಹಾಗಾದರೆ ಹೇಗೆ ನೋಡಬೇಕು? ಅಗ್ಗದಿಂದ ದುಬಾರಿಗೆ, ಟ್ಯಾಂಕಿನಿಂದ ಎಂಜಿನ್ ಕಡೆಗೆ.

ತಳದಿಂದ ಒಂದು ಗಾಜಿನ ಬಾಟ್ಲಿಗೆ ಡೀಸೆಲ್ ಇಳಿಸಿ, ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ನೀರಿದ್ದರೆ ಕೆಳಗೆ ಬೇರೆ ಪದರ ಕಾಣ್ತದೆ. ಆಮೇಲೆ, ಓಡ್ತಾ ಓಡ್ತಾ ಎಂಜಿನ್ ಸೊರಗ್ತಾ ಬಂದರೆ ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ. ಕೂಡಲೇ ಚೇತರಿಸಿಕೊಂಡಿತಾ? ಗಾಳಿ ಹೋಗುವ ವೆಂಟ್ ಪೈಪು ಕಟ್ಟಿದೆ. ಇದಕ್ಕೆ ಖರ್ಚು ಸೊನ್ನೆ.

ಈಗ ಅತಿ ಹೆಚ್ಚು ಮೋಸ ಮಾಡುವ ಮಾತು: ‘ಡೀಸೆಲ್ ಎಲ್ಲೂ ಸೋರ್ತಾ ಇಲ್ಲ, ಹಾಗಾಗಿ ಪೈಪು ಸಮ ಉಂಟು.’ ಟ್ಯಾಂಕ್ ಕೆಳಗಿದ್ದಾಗ ಅಲ್ಲಿಂದ ಫೀಡ್ ಪಂಪಿನ ತನಕ ಡೀಸೆಲ್ ಬರುವುದು ಎಳೆತದಿಂದ, ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಎಂಜಿನ್ ಓಡುವಾಗ ಆ ಭಾಗದ ತೂತಿನಿಂದ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗ್ತದೆ. ನೆಲ ಒಣಗಿಯೇ ಇರ್ತದೆ, ಎಂಜಿನ್ ಮಾತ್ರ ಏರಿಳಿದು ಏರಿಳಿದು ಬಂದ್ ಬೀಳ್ತದೆ. ಫೀಡ್ ಪಂಪಿನ ಮೊದಲು ಒಂದು ಗೇಣು ಪಾರದರ್ಶಕ ಪೈಪ್ ಸೇರಿಸಿ ನೋಡಿ, ಗುಳ್ಳೆ ಓಡುವುದು ಕಣ್ಣಿಗೆ ಕಾಣ್ತದೆ. ಎಷ್ಟೋ ಸಲ ಕಾರಣ ಹಳೆಯದನ್ನೇ ಮತ್ತೆ ಹಾಕಿದ ತಾಮ್ರದ ವಾಷರ್.

ಕೊನೆಗೆ ಕ್ಯಾನ್ ಟೆಸ್ಟ್. ಬೋಟು ಗಟ್ಟಿಯಾಗಿ ಕಟ್ಟಿ, ಶುದ್ಧ ಡೀಸೆಲಿನ ಕ್ಯಾನ್ ಸೈಲೆನ್ಸರಿನಿಂದ ದೂರ ಭದ್ರವಾಗಿ ಇಟ್ಟು, ಎಳೆಯುವ ಪೈಪು, ರಿಟರ್ನ್ ಪೈಪು ಎರಡನ್ನೂ ಅದಕ್ಕೇ ಕೊಡಿ. ಗಾಳಿ ತೆಗೆದು ಸ್ಟಾರ್ಟ್ ಮಾಡಿ, ಲೋಡ್ ಕೊಡಿ. ಸಮ ಓಡಿದರೆ ನಿಮ್ಮ ಪಂಪ್ ನಿರಪರಾಧಿ. ತಪ್ಪು ಟ್ಯಾಂಕಿನ ಕಡೆ.

(5/6)
ಹೊಗೆಯ ಬಗ್ಗೆ ಸಣ್ಣದಾಗಿ, ಯಾಕೆಂದರೆ ರೀಲ್ಸಿನಲ್ಲಿ ‘ಕಪ್ಪು ಹೊಗೆ ಅಂದ್ರೆ ಪವರ್’ ಅಂತ ಹಾಕುವ ಮಹನೀಯರು ಇದ್ದಾರೆ. ಕಪ್ಪು ಅಂದರೆ ಇರುವ ಗಾಳಿಗೆ ಡೀಸೆಲ್ ಜಾಸ್ತಿ ಆಗಿದೆ: ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಪ್ರೊಪೆಲ್ಲರಿಗೆ ಹಗ್ಗ ಸುತ್ತಿಕೊಂಡು ಎಂಜಿನ್ ಒದ್ದಾಡ್ತಿರಬಹುದು. ನೀಲಿ ಅಂದರೆ ಎಂಜಿನ್ ಆಯಿಲ್ ಉರೀತಾ ಉಂಟು. ಬಿಳಿ ಅಂದರೆ ಡೀಸೆಲ್ ಉರಿಯದೆ ಹೋಗ್ತಿದೆ, ಇಲ್ಲವೇ ಹಬೆ. ಡೀಸೆಲ್ಲೇ ಸಾಕಾಗದ ಎಂಜಿನ್ ಸಾಮಾನ್ಯವಾಗಿ ಕಪ್ಪು ಹೊಗೆ ಬಿಡುವುದಿಲ್ಲ, ಸುಮ್ಮನೆ ಸೊರಗ್ತದೆ.

ಇಂಜೆಕ್ಟರ್ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸಿ ಸತ್ತ ಸಿಲಿಂಡರ್ ಹುಡುಕುವ ವಿದ್ಯೆ ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗೆ ಮಾತ್ರ, ಅದೂ ಗೊತ್ತಿದ್ದವರ ಕೈಯಲ್ಲಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಮುಟ್ಟಲೇಬೇಡಿ, ಒತ್ತಡ 1000 ಬಾರ್ ದಾಟಿರ್ತದೆ. ಆ ಎಳೆ ಚರ್ಮ ತೂರಿ ಒಳಗೆ ಹೋಗ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

(6/6)
‘ನಲವತ್ತು ವರ್ಷದ ಮೆಕ್ಯಾನಿಕ್ಕಿಗೆ ನೀನು ಕಲಿಸ್ತೀಯಾ?’ ಇಲ್ಲ. ಶಬ್ದ ಕೇಳಿಯೇ ಕಾಯಿಲೆ ಹೇಳುವವರು ನಮ್ಮ ಕರಾವಳಿಯಲ್ಲಿ ಇದ್ದಾರೆ, ಅವರ ಕಾಲಿಗೆ ಬೀಳ್ತೇನೆ. ಪಂಪ್ ಹೋಗುವುದೇ ಇಲ್ಲ ಅಂತಲೂ ನಾನು ಹೇಳ್ತಾ ಇಲ್ಲ. ಹೋಗಿದ್ದರೆ ಟೆಸ್ಟ್ ಬೆಂಚಿನಲ್ಲಿ ಇಟ್ಟು ತೋರಿಸಲಿ. ಯಾಕೆ ಹೋಯ್ತು ಅಂತಲೂ ಹೇಳಲಿ. ಈ ಎರಡು ಪ್ರಶ್ನೆಗೆ ಸಿಟ್ಟು ಮಾಡಿಕೊಳ್ಳುವ ಗ್ಯಾರೇಜಿಗೆ ಪಂಪ್ ಕೊಡಬೇಡಿ.

ಯಾಕೆಂದರೆ ಪಂಪಿನ ಬಿಲ್ಲು ಮಾಲಕರ ಪುಸ್ತಕದಲ್ಲಿ ಮುಗಿಯುವುದಿಲ್ಲ. ಹತ್ತು ದಿನದ ಟ್ರಿಪ್ಪಿಗೆ ಡೀಸೆಲ್, ಐಸ್, ರೇಷನ್ ಎಲ್ಲ ತುಂಬಿ ಹೊರಟ ಬೋಟು ಎರಡನೇ ದಿನ ಇನ್ನೊಂದು ಬೋಟಿನ ಹಗ್ಗ ಹಿಡಿದು ವಾಪಸ್ ಬಂದರೆ ಐಸ್ ಕರಗ್ತದೆ, ಪಾಲಿನ ಲೆಕ್ಕದಲ್ಲಿ ದುಡಿಯುವ ಕಲಾಸಿಗಳಿಗೆ ಆ ಟ್ರಿಪ್ಪಿನಲ್ಲಿ ಕೈಗೆ ಏನೂ ಬರುವುದಿಲ್ಲ. ಪಂಪ್ ರಿಪೇರಿಯಾಗಿ ಬರುವ ತನಕ ಅವರ ದಿನಗಳನ್ನು ಯಾವ ಬಿಲ್ಲಿನಲ್ಲಿ ಬರೀತೀರಿ?

ಮನೆಯಲ್ಲಿ ಬೋಟು ಇದ್ದವರು, ಬೋಟಿನಲ್ಲಿ ಅಪ್ಪನೋ ಅಣ್ಣನೋ ದುಡಿಯುವವರು, ಈ ವಾರ ಟ್ಯಾಂಕಿನ ತಳದ ಡೀಸೆಲ್ ಬಾಟ್ಲಿಯಲ್ಲಿ ಹಿಡಿದು ಫೋಟೋ ತೆಗೆದು ಮೆಸೇಜ್ ಮಾಡಿ. ಬೋಟಿನ ಹೆಸರು, ನಂಬರು ಕಾಣದ ಹಾಗೆ ತೆಗೆಯಿರಿ. ಬಂದದ್ದೆಲ್ಲ ಒಟ್ಟು ಮಾಡಿ ಮುಂದಿನ ಪೋಸ್ಟಿನಲ್ಲಿ ಹಾಕ್ತೇನೆ, ನೀರು ಬಂದದ್ದೂ ಬರದ್ದೂ ಎರಡೂ.