ಮರೆಯಾದವಳ ಕಥೆ, ಉಳಿದವರ ಲೆಕ್ಕ

2017ರ ಅಕ್ಟೋಬರ್ 25ರಂದು ಬಲ್ಗೇರಿಯದ ರಾಜಧಾನಿ ಸೋಫಿಯಾದಿಂದ ಗ್ರೀಸಿನ ಅಥೆನ್ಸ್‌ಗೆ ಹೋದ ವಿಮಾನವೊಂದರಲ್ಲಿ ರುಜಾ ಇಗ್ನಾಟೋವಾ ಎಂಬ 37 ವರ್ಷದ ಮಹಿಳೆ ಪ್ರಯಾಣ ಮಾಡಿದಳು. ಅಲ್ಲಿ ಇಳಿದ ಬಳಿಕ ಆಕೆ ಎಲ್ಲಿಗೆ ಹೋದಳೆಂಬುದು ಇಂದಿಗೂ ನಿಗೂಢ. 2014ರಲ್ಲಿ ಆಕೆ ಆರಂಭಿಸಿದ ಒನ್‌ಕಾಯಿನ್ ಎಂಬ 'ಕ್ರಿಪ್ಟೋಕರೆನ್ಸಿ' ಯೋಜನೆಗೆ, ಅಮೆರಿಕದ ನ್ಯಾಯ ಇಲಾಖೆಯ ಲೆಕ್ಕದಂತೆ, ಕನಿಷ್ಠ 35 ಲಕ್ಷ ಜನ 400 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದರು. ಅಂದಿನ ವಿನಿಮಯ ದರದಲ್ಲಿ ಅದು 25 ಸಾವಿರ ಕೋಟಿ ರೂಪಾಯಿಗೂ ಮಿಗಿಲು. 2022ರಲ್ಲಿ ಎಫ್‌ಬಿಐ ತನ್ನ ಹತ್ತು ಮಂದಿ ಪ್ರಮುಖ ಆರೋಪಿಗಳ ಪಟ್ಟಿಗೆ ಆಕೆಯನ್ನು ಸೇರಿಸಿತು. 2024ರ ಹೊತ್ತಿಗೆ ಆಕೆಯ ಸುಳಿವಿಗೆ ಅಮೆರಿಕ ಸರ್ಕಾರ ಘೋಷಿಸಿದ ಬಹುಮಾನ 50 ಲಕ್ಷ ಡಾಲರಿಗೆ ಏರಿತು.

ಈ ಕಥೆಯನ್ನು ಲೋಕಕ್ಕೆ ಮುಟ್ಟಿಸಿದ್ದು ನ್ಯಾಯಾಲಯವೂ ಅಲ್ಲ, ಪತ್ರಿಕೆಯ ಮುಖಪುಟವೂ ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಬಿಬಿಸಿ ಆರಂಭಿಸಿದ 'ದಿ ಮಿಸ್ಸಿಂಗ್ ಕ್ರಿಪ್ಟೋಕ್ವೀನ್' ಎಂಬ ಪಾಡ್‌ಕಾಸ್ಟ್. ಜೇಮಿ ಬಾರ್ಟ್ಲೆಟ್ ನಿರೂಪಿಸಿದ, ಜಾರ್ಜಿಯಾ ಕ್ಯಾಟ್ ನಿರ್ಮಿಸಿದ ಈ ಸರಣಿಯನ್ನು ಕೇಳುವಾಗ ನಮ್ಮ ಕರಾವಳಿಯ ತಾಳಮದ್ದಲೆ ನೆನಪಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ; ಮಾತೇ ಎಲ್ಲವನ್ನೂ ಕಟ್ಟಬೇಕು. ಆದರೆ ತಾಳಮದ್ದಲೆಯಲ್ಲಿ ಪ್ರತಿನಾಯಕನಿಗೂ ಒಬ್ಬ ಅರ್ಥಧಾರಿ ಇರುತ್ತಾನೆ, ಅವನ ವಾದವೂ ಸಭೆಯ ಮುಂದೆ ಬರುತ್ತದೆ. ಇಲ್ಲಿ ಮುಖ್ಯ ಪಾತ್ರದ ಸ್ಥಳ ಖಾಲಿ. ಆ ಖಾಲಿ ಸ್ಥಳವೇ ನಮ್ಮನ್ನು ಕಂತಿನಿಂದ ಕಂತಿಗೆ ಎಳೆದುಕೊಂಡು ಹೋಗುತ್ತದೆ.

ಸರಣಿಯ ಸತ್ತ್ವದ ಬಗ್ಗೆ ನನಗೆ ತಕರಾರಿಲ್ಲ. ಅದು ನಮ್ಮ ಕೈಗೆ ಕೊಡುವ ಪ್ರಶ್ನೆಯ ಬಗ್ಗೆ ತಕರಾರಿದೆ. 'ಆಕೆ ಎಲ್ಲಿದ್ದಾಳೆ?' ಎಂಬುದು ಪತ್ತೇದಾರಿ ಕಥೆಯ ಪ್ರಶ್ನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿದ ತಲೆಮಾರಿಗೆ ಅದರ ರುಚಿ ಗೊತ್ತು: ಅಪರಾಧಿ ಸಿಕ್ಕ ಕೂಡಲೇ ಪುಸ್ತಕ ಮುಗಿಯುತ್ತದೆ, ಓದುಗ ನೆಮ್ಮದಿಯಿಂದ ನಿದ್ರೆ ಮಾಡುತ್ತಾನೆ. ಹಣಕಾಸಿನ ಮೋಸಕ್ಕೆ ಅಂಥ ಕೊನೆಯ ಪುಟ ಇರುವುದಿಲ್ಲ. ಅಪರಾಧಿ ಸಿಕ್ಕರೂ ಸಿಗದಿದ್ದರೂ ಅದು ಹಾಯ್ದುಹೋದ ದಾರಿ ಹಾಗೆಯೇ ಉಳಿದಿರುತ್ತದೆ. ಆ ದಾರಿ ಯಾವುದು?

ಮೊದಲು ಸರಕನ್ನು ನೋಡೋಣ. ಬಿಟ್‌ಕಾಯಿನ್ ಮೊದಲಾದವುಗಳಿಗೆ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆ ಪುಸ್ತಕವಿದೆ. ಪ್ರತಿಯೊಂದು ವ್ಯವಹಾರವೂ ಅಲ್ಲಿ ದಾಖಲಾಗುತ್ತದೆ; ಒಬ್ಬ ವ್ಯಕ್ತಿ ತನ್ನಿಷ್ಟಕ್ಕೆ ಅದನ್ನು ತಿದ್ದಲಾಗದು. ಒನ್‌ಕಾಯಿನ್‌ಗೆ ಅಂಥ ಸಾರ್ವಜನಿಕ ಬ್ಲಾಕ್‌ಚೈನ್ ಇರಲೇ ಇಲ್ಲ. ನಾಣ್ಯದ ಬೆಲೆ ಅರ್ಧ ಯೂರೋದಿಂದ ಸುಮಾರು 30 ಯೂರೋವರೆಗೆ ಏರಿತೆಂದು ಸದಸ್ಯರ ಪರದೆಯ ಮೇಲೆ ಕಾಣುತ್ತಿತ್ತು. ಆದರೆ ಅದು ಮಾರುಕಟ್ಟೆಯ ಬೆಲೆಯಲ್ಲ, ಕಂಪನಿಯೇ ಕುಳಿತು ಬರೆದ ಅಂಕಿ. ಮಾರಾಟವಾಗುತ್ತಿದ್ದುದು ಹೆಸರಿಗೆ 'ಶಿಕ್ಷಣ ಪ್ಯಾಕೇಜ್'. ಅದನ್ನು ಕೊಂಡವರಿಗೆ ನಾಣ್ಯ 'ಉಚಿತ'. ಮತ್ತೊಬ್ಬರಿಗೆ ಮಾರಿದರೆ ಕಮಿಷನ್, ಅವರು ಮಗದೊಬ್ಬರಿಗೆ ಮಾರಿದರೆ ಅದರಲ್ಲೂ ಪಾಲು. ನಾಣ್ಯವನ್ನು ಹಣವಾಗಿ ಬದಲಿಸಿಕೊಳ್ಳಲು ಇದ್ದ ಒಂದೇ ಒಂದು ಕಿಂಡಿ 2017ರ ಜನವರಿಯಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಆ ಸಂಪತ್ತೆಲ್ಲ ಪರದೆಯ ಮೇಲಿನ ಸಂಖ್ಯೆ ಮಾತ್ರ.

ಇಂಥ ಸರಕನ್ನು ಲಕ್ಷಾಂತರ ಜನ ಏಕೆ ಕೊಂಡರು? ದುರಾಸೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮೊದಲು ಕಾಣಬೇಕಾದದ್ದು ಎರವಲು ತಂದ ಗೌರವ. ರುಜಾ ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಿಂದ ಕಾನೂನಿನಲ್ಲಿ ಡಾಕ್ಟರೇಟ್ ಪಡೆದವಳು, ಮೆಕಿನ್ಸೆಯಂಥ ಸಂಸ್ಥೆಯಲ್ಲಿ ಕೆಲಸ ಮಾಡಿದವಳು, ಇವೆರಡೂ ನಿಜ. ಈ ನಿಜಗಳ ಮೇಲೆ ಉಳಿದದ್ದನ್ನು ಕಟ್ಟಲಾಯಿತು. ಬಲ್ಗೇರಿಯದ ಫೋರ್ಬ್ಸ್ ಪತ್ರಿಕೆಗೆ ಹಣ ಕೊಟ್ಟು ಹಾಕಿಸಿದ ಜಾಹೀರಾತಿನ ಪುಟವನ್ನು ಮುಖಪುಟವೆಂದು ಸಭೆಗಳಲ್ಲಿ ತೋರಿಸಲಾಯಿತು. 2015ರಲ್ಲಿ ಸೋಫಿಯಾದಲ್ಲಿ ದಿ ಎಕನಾಮಿಸ್ಟ್ ಬಳಗ ಏರ್ಪಡಿಸಿದ ಸಮ್ಮೇಳನದ ವೇದಿಕೆಯಲ್ಲಿ ಆಕೆ ಮಾತನಾಡಿದ್ದೂ ಪ್ರಚಾರದ ಸಾಮಗ್ರಿಯಾಯಿತು. 2016ರ ಜೂನ್‌ನಲ್ಲಿ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಸಾವಿರಾರು ಜನರ ಚಪ್ಪಾಳೆಯ ನಡುವೆ, ಎರಡು ವರ್ಷಗಳಲ್ಲಿ ಬಿಟ್‌ಕಾಯಿನ್ನನ್ನು ಯಾರೂ ನೆನೆಯಲಾರರೆಂದು ಆಕೆ ಸಾರಿದಳು. ಇಷ್ಟನ್ನು ಕಂಡವರು ನಂಬಿದ್ದು ನಾಣ್ಯವನ್ನಲ್ಲ, ವೇದಿಕೆಯನ್ನು.

ಆದರೆ ವೆಂಬ್ಲಿಯ ವೇದಿಕೆಯಿಂದ ಹಳ್ಳಿಯ ಮನೆಯವರೆಗೆ ಈ ನಂಬಿಕೆಯನ್ನು ಹೊತ್ತು ತಂದವರು ಬೇರೆಯವರು. ಸರಣಿಯ ಅತ್ಯಂತ ಬೆಲೆಬಾಳುವ ಭಾಗ ಇದೇ ಎಂದು ನನ್ನ ಎಣಿಕೆ. ಗ್ಲಾಸ್ಗೋದ ಮಹಿಳೆಯೊಬ್ಬಳು ಕಲ್ಲಿದ್ದಲ ಗಣಿಯಲ್ಲಿ ದುಡಿದ ತಂದೆ ಬಿಟ್ಟುಹೋದ ಹಣವನ್ನು ಇದರಲ್ಲಿ ಹಾಕಿದಳು. ಆಕೆಯ ಮಾತು ಕೇಳಿ ಬಂಧುಮಿತ್ರರೂ ಹಾಕಿದರು. ಎಲ್ಲ ಸೇರಿ ಸುಮಾರು ಎರಡೂವರೆ ಲಕ್ಷ ಯೂರೋ ಹೋಯಿತು. ಉಗಾಂಡಾದಲ್ಲಿ ನರ್ಸ್ ಆಗಿದ್ದ ಮತ್ತೊಬ್ಬಾಕೆ ಹಳ್ಳಿಗಳಿಗೆ ಹೋಗಿ, ಸುಗ್ಗಿಯ ನಂತರ ರೈತರ ಕೈಯಲ್ಲಿ ನಾಲ್ಕು ಕಾಸು ಇರುವ ಹೊತ್ತು ನೋಡಿ, ಪ್ಯಾಕೇಜ್ ಮಾರಿದಳು. ಆಡು, ದನ, ಜಮೀನು ಮಾರಿ ಹಣ ಕೊಟ್ಟವರಿದ್ದರು. ಮುಂದೆ ತಾನು ಸೇರಿಸಿದ ಜನರ ಕಣ್ಣಿಗೆ ಬೀಳದಂತೆ ಬದುಕುವ ಪಾಡು ಆಕೆಯದಾಯಿತು. ಈಕೆ ಮೋಸಗಾರಳೋ, ಮೋಸಹೋದವಳೋ? ಎರಡೂ ಹೌದು. ನಮ್ಮ ಗಾದೆ 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎನ್ನುತ್ತದೆ. ಈ ಬಗೆಯ ಜಾಲದಲ್ಲಿ ಕೋಡಂಗಿಯೂ ಈರಭದ್ರನೂ ಒಬ್ಬನೇ. ಬೆಳಿಗ್ಗೆ ಕೊಟ್ಟವನು ಸಂಜೆ ಇಸ್ಕೊಳ್ಳಲು ಹೊರಡುತ್ತಾನೆ. ಸಾಮಾನ್ಯ ಕಳ್ಳತನಕ್ಕೂ ಇದಕ್ಕೂ ಇರುವ ಅಂತರ ಅದು. ಕಳ್ಳ ನಮ್ಮ ಹಣವನ್ನಷ್ಟೇ ಒಯ್ಯುತ್ತಾನೆ. ಇದು ನಮ್ಮ ಸಂಬಂಧಗಳನ್ನೇ ದುಡಿಸಿಕೊಂಡು, ಆಮೇಲೆ ಅವನ್ನು ಹಾಳುಮಾಡಿ ಹೋಗುತ್ತದೆ.

ಹೀಗಾಗಿಯೇ ಮೇಲಿದ್ದವಳು ಮರೆಯಾದರೂ ಜಾಲ ನಿಲ್ಲಲಿಲ್ಲ. ತಮ್ಮ ಕಾನ್‌ಸ್ಟಾಂಟಿನ್ ಮುಂದೆ ಬಂದ. 2019ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಅವನ ಬಂಧನವಾಗಿ, ಮುಂದೆ ತಪ್ಪೊಪ್ಪಿಕೊಂಡ. ಆ ಬಳಿಕವೂ ಕೆಲವು ದೇಶಗಳಲ್ಲಿ ಮಾರಾಟ ನಡೆದೇ ಇತ್ತು. ಸಹಸಂಸ್ಥಾಪಕ ಕಾರ್ಲ್ ಸೆಬಾಸ್ಟಿಯನ್ ಗ್ರೀನ್‌ವುಡ್‌ಗೆ 2023ರಲ್ಲಿ 20 ವರ್ಷಗಳ ಸೆರೆವಾಸವಾಯಿತು. ಅವನಿಗೂ ರುಜಾಗೂ ನಡುವೆ 2014ರಲ್ಲೇ ನಡೆದ ಇ-ಮೇಲ್ ವ್ಯವಹಾರವನ್ನು ಅಮೆರಿಕದ ತನಿಖೆಗಾರರು ಬಹಿರಂಗಪಡಿಸಿದ್ದಾರೆ. ಯೋಜನೆ ಕೈಕೊಟ್ಟರೆ ಹಣದೊಂದಿಗೆ ಓಡಿಹೋಗಿ, ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದು ಎಂಬುದು ಅಲ್ಲಿ ಆಕೆ ಬರೆದ ದಾರಿಗಳಲ್ಲೊಂದು. ಎಂದರೆ ಕಣ್ಮರೆ ಈ ಕಥೆಗೆ ಆಕಸ್ಮಿಕವಾಗಿ ಬಂದ ತಿರುವಲ್ಲ. ಯೋಜನೆಯ ಕಡೆಯ ಅಧ್ಯಾಯವಾಗಿ ಮೊದಲೇ ಬರೆದಿಟ್ಟದ್ದು. ನಾವು ಆ ಕಣ್ಮರೆಯನ್ನೇ ದಿಟ್ಟಿಸಿ ಕುಳಿತರೆ, ಆಕೆ ನಮ್ಮನ್ನು ಎಲ್ಲಿ ನೋಡಿಸಬೇಕೆಂದುಕೊಂಡಳೋ ಅಲ್ಲೇ ನೋಡುತ್ತಿರುತ್ತೇವೆ.

ಈ ಕಥೆಗೆ ಮುಂಬಯಿಯ ನೆರೆಯಲ್ಲೂ ಒಂದು ಅಧ್ಯಾಯವಿದೆ. 2017ರ ಏಪ್ರಿಲ್‌ನಲ್ಲಿ, ರುಜಾ ಮರೆಯಾಗುವ ಆರು ತಿಂಗಳ ಮೊದಲೇ, ನವಿ ಮುಂಬಯಿ ಪೊಲೀಸರು ಒನ್‌ಕಾಯಿನ್‌ನ ಪ್ರಚಾರ ಸಭೆಯೊಂದರ ಮೇಲೆ ದಾಳಿ ಮಾಡಿ 18 ಮಂದಿಯನ್ನು ಬಂಧಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ, ಒನ್‌ಕಾಯಿನ್ ಬಗ್ಗೆ ತಾನು ಹಿಂದಿನ ವರ್ಷ ಪ್ರಕಟಿಸಿದ್ದ ಎಚ್ಚರಿಕೆಯನ್ನು ತನ್ನ ಜಾಲತಾಣದಿಂದ ತೆಗೆದುಹಾಕಿತು. ಪ್ರಚಾರಕರು ಅದನ್ನೇ ತಮ್ಮ ಪ್ರಾಮಾಣಿಕತೆಗೆ ಸಾಕ್ಷಿಯೆಂದು ತೋರಿಸಿ ಇನ್ನಷ್ಟು ಮಾರಿದರು. ಲಂಡನ್ ಕಣ್ಣು ಮುಚ್ಚಿದ ಹೊತ್ತಿಗೆ ನವಿ ಮುಂಬಯಿ ಕಣ್ಣು ತೆರೆದಿತ್ತು. ಆ ಸಭಾಂಗಣದಲ್ಲಿ ವಿಹಾರನೌಕೆಯಿರಲಿಲ್ಲ, ಲಂಡನ್ನಿನ ಕೋಟಿಗಟ್ಟಲೆ ಬೆಲೆಯ ಮನೆಯಿರಲಿಲ್ಲ. ನೀರಸವಾದ, ಆದರೆ ಸರಿಯಾದ ಜಾಗಕ್ಕೆ ಕೈಹಾಕಿದ ಕೆಲಸ ಅದು: ಮೋಸ ನಿಜವಾಗಿ ನಡೆಯುವುದು ಬಾಡಿಗೆಗೆ ಹಿಡಿದ ಇಂಥ ಸಭಾಂಗಣಗಳಲ್ಲೇ.

ಇಲ್ಲಿ ನಮ್ಮ ಕಾನೂನಿನ ಒಂದು ಮಾತನ್ನೂ ಗಮನಿಸಬೇಕು. ಹಣ ಚಲಾವಣೆಯ ಯೋಜನೆಗಳನ್ನು ನಿಷೇಧಿಸುವ 1978ರ ಕೇಂದ್ರ ಕಾಯಿದೆ ಅಂಥ ಯೋಜನೆಯನ್ನು ನಡೆಸುವುದನ್ನು ಮಾತ್ರವಲ್ಲ, ಅದಕ್ಕೆ ಸದಸ್ಯರಾಗಿ ಸೇರುವುದನ್ನೂ ನಿಷೇಧಿಸುತ್ತದೆ. ಇದರ ಹಿಂದಿನ ತರ್ಕ ಸರಿ. ಸೇರಿದವನೇ ನಾಳೆ ಸೇರಿಸುವವನು. ಆದರೆ ಇದರ ಅಡ್ಡ ಪರಿಣಾಮವೂ ಇದೆ. ಹಣ ಕಳೆದುಕೊಂಡವನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾನೆ. ಮೇಲಾಗಿ ತನ್ನನ್ನು ಸೇರಿಸಿದವನು ಭಾವನೋ ಬಾಲ್ಯದ ಗೆಳೆಯನೋ ಆಗಿದ್ದರೆ ದೂರು ಬರೆಯುವ ಕೈ ನಡುಗುತ್ತದೆ. ನಾಚಿಕೆ, ಭಯ, ದಾಕ್ಷಿಣ್ಯ ಈ ಮೂರೂ ಸೇರಿ ಮೋಸಗಾರನಿಗೆ ಯಾವ ವಕೀಲನೂ ಕೊಡಲಾರದ ರಕ್ಷಣೆ ಕೊಡುತ್ತವೆ.

ಕರ್ನಾಟಕಕ್ಕೆ ಇದರ ಅನುಭವ ಹೊಸದಲ್ಲ. ಪಾಡ್‌ಕಾಸ್ಟ್ ಆರಂಭವಾದ 2019ರಲ್ಲೇ, ಜೂನ್ ತಿಂಗಳಲ್ಲಿ, ಬೆಂಗಳೂರಿನ ಐಎಂಎ ಸಮೂಹದ ಮನ್ಸೂರ್ ಖಾನ್ ಒಂದು ಧ್ವನಿಮುದ್ರಿಕೆಯನ್ನು ಬಿಟ್ಟು ದುಬೈಗೆ ಹೋದ. ಧರ್ಮಕ್ಕೆ ಒಪ್ಪುವ ಹೂಡಿಕೆಯೆಂದು ನಂಬಿ ಹಣವಿಟ್ಟಿದ್ದ ಸಾವಿರಾರು ಕುಟುಂಬಗಳು ಶಿವಾಜಿನಗರದ ಮುಚ್ಚಿದ ಬಾಗಿಲ ಮುಂದೆ ನಿಂತವು. ಅವನು ಬಹುಕಾಲ ಮರೆಯಾಗಿರಲಿಲ್ಲ. ಜುಲೈ 19ರಂದು ದೆಹಲಿಗೆ ಮರಳಿದಾಗ ಬಂಧನವಾಯಿತು. 'ಎಲ್ಲಿದ್ದಾನೆ?' ಎಂಬ ಪ್ರಶ್ನೆಗೆ ಆರು ವಾರಗಳಲ್ಲಿ ಉತ್ತರ ಸಿಕ್ಕಿತು. ಹಣ ಇಟ್ಟವರ ಕಷ್ಟ ಅದರಿಂದ ಮುಗಿಯಿತೇ? ಪರಿಹಾರಕ್ಕಾಗಿ ಅರ್ಜಿ ಹಿಡಿದು ಕಾಯುವ ದಿನಗಳು ಅಲ್ಲಿಂದ ಆರಂಭವಾದವು. ಸುದ್ದಿವಾಹಿನಿಗಳ ಕುತೂಹಲ ಮಾತ್ರ ಅಷ್ಟರಲ್ಲಿ ಬೇರೆ ಕಡೆಗೆ ಹೊರಳಿತ್ತು.

ನನ್ನ ವಾದಕ್ಕೆ ಒಂದು ಎದುರು ಮಾತಿದೆ, ಅದು ಹಗುರವಾದದ್ದೂ ಅಲ್ಲ. ನಿಗೂಢತೆಯ ಸೆಳೆತವಿಲ್ಲದಿದ್ದರೆ ಉಗಾಂಡಾದ ನರ್ಸ್‌ನ ಮಾತನ್ನು ಯಾರು ಕೇಳುತ್ತಿದ್ದರು? ಕಣ್ಮರೆಯ ಕುತೂಹಲವೇ ಲಕ್ಷಾಂತರ ಕೇಳುಗರನ್ನು ಆ ಬಾಗಿಲವರೆಗೆ ಕರೆದೊಯ್ದದ್ದು ನಿಜ. ಮೋಸಹೋದವರು ಒಬ್ಬರಿಗೊಬ್ಬರು ದನಿಗೂಡಿಸಲು ಸರಣಿ ಧೈರ್ಯ ಕೊಟ್ಟದ್ದೂ ನಿಜ. ಆದರೆ ಕರೆತಂದ ಕುತೂಹಲಕ್ಕೆ ಅಲ್ಲೇ ನಿಲ್ಲುವ ಗುಣವಿಲ್ಲ. ರುಜಾ 2018ರಲ್ಲೇ ಕೊಲೆಯಾದಳೆಂದೂ ಶವವನ್ನು ಅಯೋನಿಯನ್ ಸಮುದ್ರಕ್ಕೆ ಎಸೆಯಲಾಯಿತೆಂದೂ ಹೇಳುವ ವರದಿ 2023ರಲ್ಲಿ ಬಲ್ಗೇರಿಯದಿಂದ ಬಂತು. ಶವ ಸಿಕ್ಕಿಲ್ಲ, ಎಫ್‌ಬಿಐ ಹುಡುಕಾಟ ನಿಲ್ಲಿಸಿಲ್ಲ. ಹೊಸ ಸುಳಿವು ಬಂದಾಗಲೆಲ್ಲ ಆಕೆಯ ಚಿತ್ರ ಮತ್ತೆ ಪುಟಗಳ ತುಂಬ. ಹಣ ಕಳೆದುಕೊಂಡವರು ಆ ಚಿತ್ರದ ಕೆಳಗಿನ ಒಂದು ಸಂಖ್ಯೆ. 'ರಾಣಿ' ಎಂಬ ಬಿರುದೂ ಯೋಚಿಸಬೇಕಾದದ್ದೇ. ಆಕೆಯ ಪ್ರಚಾರಕರು ಹೊಗಳಿಕೆಗೆ ಬಳಸಿದ ಪದವದು. ಈಗ ನಾವೂ ಅದನ್ನೇ ಬಳಸುತ್ತಿದ್ದೇವೆ.

ಹೊರನಾಡಿನಲ್ಲಿರುವ ನಮಗೆ ಇದು ದೂರದ ಮಾತಲ್ಲ. ಊರು ಬಿಟ್ಟು ಬಂದ ಕನ್ನಡಿಗರು ಪರಸ್ಪರ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಬದುಕು ಕಟ್ಟಿದವರು. ಪರಿಚಿತರ ನಡುವಿನ ಚೀಟಿಯಿಂದ ಮಗಳ ಮದುವೆ ನಡೆದಿದೆ, ಹೋಟೆಲಿಗೆ ಮುಂಗಡ ಕೊಡಲಾಗಿದೆ. ಆ ನಂಬಿಕೆ ಮೂರ್ಖತನವಲ್ಲ. ಬ್ಯಾಂಕು ಬಾಗಿಲು ತೆರೆಯದ ಕಾಲದಲ್ಲಿ ಅದೇ ನಮ್ಮ ಬ್ಯಾಂಕು. ಮೋಸದ ಯೋಜನೆಗಳು ಹುಡುಕಿಕೊಂಡು ಬರುವುದೂ ಇಂಥ ನಂಬಿಕೆ ತುಂಬಿದ ಜಾಗಗಳನ್ನೇ. ಆದ್ದರಿಂದ ಕಾವಲು ಬೇಕಾದದ್ದು ಬಾಗಿಲಲ್ಲಿ. ದೇಣಿಗೆಯ ಮೊತ್ತ ನೋಡಿ ಶಾಲು ಹೊದಿಸುವ ಮೊದಲು ಆ ಹಣ ಯಾವ ವ್ಯಾಪಾರದ್ದೆಂದು ಸಂಘಗಳು ಕೇಳಬೇಕು. ಫೋರ್ಬ್ಸ್‌ನ ಜಾಹೀರಾತು ಪುಟಕ್ಕೂ ನಮ್ಮ ಸ್ಮರಣ ಸಂಚಿಕೆಯ ಬಣ್ಣದ ಪುಟಕ್ಕೂ ಕೆಲಸದಲ್ಲಿ ವ್ಯತ್ಯಾಸವಿಲ್ಲ. 'ಇನ್ನಿಬ್ಬರನ್ನು ಸೇರಿಸಿ' ಎನ್ನುವ ಯಾವ ಹೂಡಿಕೆಗೂ ಸಂಘದ ಸಭಾಂಗಣವನ್ನು ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಕಳೆದುಕೊಂಡವರು ಬಾಯಿ ಬಿಟ್ಟಾಗ 'ನಿಮಗೆ ಬುದ್ಧಿ ಇರಲಿಲ್ಲವೇ?' ಎನ್ನುವ ನಾಲಿಗೆಯನ್ನು ನಾವು ತಡೆದುಕೊಳ್ಳಬೇಕು. ಮುಂದಿನ ಹತ್ತು ಮಂದಿಯನ್ನು ಉಳಿಸಬಲ್ಲ ಮಾತು ಹೆಚ್ಚಾಗಿ ಈ ಒಂದು ಪ್ರಶ್ನೆಯ ಅಂಜಿಕೆಯಿಂದಲೇ ಗಂಟಲಲ್ಲಿ ಉಳಿಯುತ್ತದೆ.

ರುಜಾ ಇಗ್ನಾಟೋವಾ ನಾಳೆ ಸಿಕ್ಕಬಹುದು, ಎಂದೂ ಸಿಗದಿರಬಹುದು. ಸಿಕ್ಕರೆ ಶಿಕ್ಷೆಯಾಗಲಿ, ಇದ್ದಷ್ಟು ಆಸ್ತಿ ಕಳೆದುಕೊಂಡವರಿಗೆ ಹಂಚಿಹೋಗಲಿ. ಆದರೆ ಅಕ್ಕನ ಮಾತು ನಂಬಿ ಹಣ ಹಾಕಿದ ತಮ್ಮನೂ, ಹಾಕಿಸಿದ ಅಕ್ಕನೂ ಮತ್ತೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡುವುದು ಯಾವ ಪೊಲೀಸರ ಕೈಯಲ್ಲೂ ಇಲ್ಲ. ಆ ಲೆಕ್ಕವನ್ನು ಉಳಿದವರೇ ತಮ್ಮೊಳಗೆ ಕುಳಿತು ತೀರಿಸಿಕೊಳ್ಳಬೇಕು. ಅದಕ್ಕೆ ಮೊದಲು ಅವರ ಮಾತು ಕೇಳಿಸಿಕೊಳ್ಳುವವರು ಬೇಕು.