ಹಸಿರುಮನೆ ಅನಿಲಗಳ ಪ್ರಾದೇಶಿಕ ಲೆಕ್ಕ: ರಾಯಚೂರಿನ ಹೊಗೆ ಯಾರ ಖಾತೆಗೆ?

ಭಾರತವು 2070ರ ವೇಳೆಗೆ ಹಸಿರುಮನೆ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದಾಗಿ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿರುವುದು ಸಾರ್ವಜನಿಕರಿಗೆ ತಿಳಿದ ವಿಷಯವಾಗಿದೆ. 2023ರ ನವೆಂಬರ್ ತಿಂಗಳಿನಲ್ಲಿ ಪ್ರಕಟವಾದ ಬೆಂಗಳೂರು ಹವಾಮಾನ ಕ್ರಿಯಾ ಯೋಜನೆಯು ಇದೇ ಗುರಿಯನ್ನು ನಗರಕ್ಕೆ 2050 ಎಂದು ನಿಗದಿಪಡಿಸಿದೆ. ನಗರದ ಗುರಿಯು ರಾಷ್ಟ್ರದ ಗುರಿಗಿಂತ 20 ವರ್ಷ ಮುಂಚಿತವಾಗಿರುವುದರಿಂದ, ಪ್ರಗತಿಯನ್ನು ಅಳೆಯುವ ಲೆಕ್ಕ ಹೇಗಿರಬೇಕೆಂಬ ಪ್ರಶ್ನೆ ಉದ್ಭವಿಸುತ್ತದೆ.

ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ಕಲ್ಲಿದ್ದಲು ಉರಿಯುವುದು ಅಲ್ಲಿ. ಆ ವಿದ್ಯುತ್ತಿನಿಂದ ದೀಪಗಳು ಉರಿಯುವುದು ಬಹುಪಾಲು ಬೇರೆಡೆ. ಹೊಗೆ ಹೊರಟ ಸ್ಥಳವನ್ನಷ್ಟೇ ಪರಿಗಣಿಸಿದಲ್ಲಿ ರಾಯಚೂರು ಜಿಲ್ಲೆಯ ಖಾತೆ ಭಾರವಾಗಿಯೂ, ವಿದ್ಯುತ್ ಬಳಸಿದ ಬೆಂಗಳೂರಿನ ಖಾತೆ ಹಗುರವಾಗಿಯೂ ತೋರುತ್ತದೆ. ಆದ್ದರಿಂದ ನಗರಗಳ ಲೆಕ್ಕದಲ್ಲಿ, ಹೊರಗಿನಿಂದ ಪಡೆದ ವಿದ್ಯುತ್ತಿನ ಹೊರಸೂಸುವಿಕೆಯನ್ನು ಪ್ರತ್ಯೇಕ ಶೀರ್ಷಿಕೆಯಡಿ ಬಳಕೆದಾರ ನಗರಕ್ಕೇ ಖರ್ಚು ಹಾಕಲಾಗುತ್ತದೆ. ಆದರೆ ರಾಜ್ಯದ ಒಟ್ಟು ಮೊತ್ತದಲ್ಲಿ ಇವೆರಡನ್ನೂ ಕೂಡಿಸತಕ್ಕದ್ದಲ್ಲ. ಅದು ಒಂದೇ ವೋಚರನ್ನು ಎರಡು ಬಾರಿ ನಮೂದಿಸಿದಂತಾಗುತ್ತದೆ.

ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ತಿಂಗಳಿಗೆ 100 ಯೂನಿಟ್ ಬಳಸುವ ಮನೆಯ ಖಾತೆಗೆ ಸುಮಾರು 70 ಕಿಲೋಗ್ರಾಂ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನಂತಹ ಕೇಂದ್ರಗಳ ಉತ್ಪಾದನೆ ಹೆಚ್ಚಿದಂತೆ ಈ ಪ್ರಮಾಣ ಎಲ್ಲರಿಗೂ ಇಳಿಯುತ್ತದೆ. ನಗರದ 2050ರ ಗುರಿಯು ನಗರದೊಳಗಿನ ಕ್ರಮಗಳಷ್ಟೇ ಶಕ್ತಿನಗರದ ಕುಲುಮೆಯನ್ನೂ ಅವಲಂಬಿಸಿದೆ ಎಂಬುದನ್ನು ಮರೆಯಲಾಗದು.

ಇನ್ನೊಂದು ತೊಡಕು ಆರಂಭಿಕ ಶಿಲ್ಕಿನದು. ಯೋಜನೆ ಪ್ರಕಟವಾದಾಗ ಇದ್ದುದು ಒಂದೇ ಮಹಾನಗರ ಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಹಳೆಯ ಖಾತೆಯನ್ನು ಐದಾಗಿ ವಿಭಜಿಸುವಾಗ ಮೂಲ ವರ್ಷದ ಅಂಕಿಗಳನ್ನೂ ಅದೇ ಗಡಿಗಳಿಗೆ ಅನುಸಾರವಾಗಿ ಮರುಲೆಕ್ಕ ಮಾಡಬೇಕು. ಗಡಿ ವಿಸ್ತರಣೆಯಾದಾಗಲೂ ಇದು ಅನ್ವಯಿಸುತ್ತದೆ. ತಪ್ಪಿದಲ್ಲಿ, ಒಂದು ಲೀಟರ್ ಡೀಸೆಲ್ ಸಹ ಉಳಿಯದೆ ಇಳಿಕೆಯಾದಂತೆ ಕಾಣಬಹುದು. ಅದು ಕಾಗದದ ಮೇಲಿನ ಇಳಿಕೆ ಮಾತ್ರ.

ಸೇವೆಗಳಿಗೆ ಅರ್ಜಿ ಸಲ್ಲಿಸುವವರಿಗೂ ಇದರೊಂದಿಗೆ ಸಂಬಂಧವಿದೆ. ವಾಹನಗಳ ಒಟ್ಟು ಹೊರಸೂಸುವಿಕೆಯನ್ನು ಇಂಧನ ಮಾರಾಟದಿಂದ ಅಂದಾಜಿಸಬಹುದಾದರೂ, ಯಾವ ಬಗೆಯ ವಾಹನಗಳು ಎಷ್ಟಿವೆ ಎಂಬುದು ನೋಂದಣಿ ದಾಖಲೆಗಳಿಂದಲೇ ತಿಳಿಯಬೇಕು. ಗುಜರಿಗೆ ಹೋದ ವಾಹನವು ದಾಖಲೆಯಲ್ಲಿ ಇನ್ನೂ ಓಡುತ್ತಲೇ ಇರುವ ಪ್ರಸಂಗಗಳು ಅಪರೂಪವಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 55ರ ಮೇರೆಗೆ, ವಾಹನವು ನಾಶವಾದಲ್ಲಿ ಅಥವಾ ಶಾಶ್ವತವಾಗಿ ಬಳಕೆಗೆ ಅನರ್ಹವಾದಲ್ಲಿ ಮಾಲೀಕರು 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗನೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪ್ರಮಾಣಪತ್ರವನ್ನು ಹಿಂದಿರುಗಿಸತಕ್ಕದ್ದು.